ರಿಕಾರ್ಡೊ ಮೊರಾಂಡಿ: ತನ್ನ ಸೇತುವೆಗೆ ತಾನೇ ರೋಗನಿದಾನ ಬರೆದ ಇಂಜಿನಿಯರು

ನಾವಿರುವ ಮಿಲ್ಪಿಟಾಸ್ ಊರಿನ ಪಶ್ಚಿಮದ ಅಂಚಿನಲ್ಲಿ ಹಾದುಹೋಗುವ ಇಂಟರ್‌ಸ್ಟೇಟ್ 880 ಹೆದ್ದಾರಿಗೆ ನಿಮಿಟ್ಸ್ ಫ್ರೀವೇ ಎಂಬ ಇನ್ನೊಂದು ಹೆಸರುಂಟು. ಅದೇ ರಸ್ತೆಯಲ್ಲಿ ಉತ್ತರಕ್ಕೆ ಹೋದರೆ ಓಕ್‌ಲೆಂಡ್ ಸಿಗುತ್ತದೆ. ಆ ನಗರದ ಪಶ್ಚಿಮ ಭಾಗದಲ್ಲಿ ಒಂದು ಕಾಲಕ್ಕೆ ಈ ಹೆದ್ದಾರಿ ಎರಡು ಅಂತಸ್ತಿನ ಕಾಂಕ್ರೀಟು ಮೇಲ್ಸೇತುವೆಯ ಮೇಲೆ ಸಾಗುತ್ತಿತ್ತು. 1957ರಲ್ಲಿ ಸಂಚಾರಕ್ಕೆ ತೆರೆದ ಆ ಸೈಪ್ರೆಸ್ ವಯಾಡಕ್ಟ್ 1989ರ ಅಕ್ಟೋಬರ್ 17ರ ಸಂಜೆ ಲೋಮಾ ಪ್ರಿಯೆಟಾ ಭೂಕಂಪದಲ್ಲಿ ಕುಸಿದು, ಮೇಲಿನ ಅಂತಸ್ತು ಕೆಳಗಿನದರ ಮೇಲೆ ಬಿತ್ತು. ಅಲ್ಲಿ 42 ಜನ ಸತ್ತರು. ಈಗ ಆ ಜಾಗದಲ್ಲಿ ಮಂಡೇಲಾ ಪಾರ್ಕ್‌ವೇ ಎಂಬ ಮರಗಳ ಸಾಲಿನ ರಸ್ತೆಯಿದೆ. ಹೆದ್ದಾರಿ ಬಳಸಿಕೊಂಡು ಬೇರೆ ದಾರಿಯಲ್ಲಿ ಹೋಗುತ್ತದೆ. ಇಲ್ಲಿಗೆ ಹೊಸದಾಗಿ ಬಂದ ಕನ್ನಡಿಗರಲ್ಲಿ ಅನೇಕರಿಗೆ ಆ ತಿರುವಿನ ಕಾರಣ ಗೊತ್ತಿಲ್ಲ.

ಆ ಭೂಕಂಪವಾದ ಹತ್ತು ವಾರಗಳ ನಂತರ, 1989ರ ಡಿಸೆಂಬರ್ 25ರಂದು, ರೋಮ್ ನಗರದಲ್ಲಿ ರಿಕಾರ್ಡೊ ಮೊರಾಂಡಿ ಎಂಬ ಇಂಜಿನಿಯರು ತಮ್ಮ 87ನೆಯ ವಯಸ್ಸಿನಲ್ಲಿ ತೀರಿಕೊಂಡರು. ಕಾಂಕ್ರೀಟಿನ ಸೇತುವೆಗಳನ್ನು ಕಟ್ಟುವವರಲ್ಲಿ ಅವರದು ಆಗಲೇ ಜಗತ್ಪ್ರಸಿದ್ಧ ಹೆಸರು. ಸಾಮಾನ್ಯ ಜನರಿಗೆ ಆ ಹೆಸರು ತಿಳಿದದ್ದು ಮಾತ್ರ 29 ವರ್ಷಗಳ ನಂತರ, 2018ರ ಆಗಸ್ಟ್ ತಿಂಗಳಲ್ಲಿ. ಜಿನೋವಾ ನಗರದ ಪೊಲ್ಚೆವೆರಾ ಹೊಳೆಯ ಕಣಿವೆಯನ್ನು ದಾಟಿಸುತ್ತಿದ್ದ ಅವರ ಮೇಲ್ಸೇತುವೆ ಅಂದು ಮುರಿದು ಬಿತ್ತು. ಅಲ್ಲಿ ಭೂಕಂಪವಾಗಿರಲಿಲ್ಲ, ಹಡಗು ಬಡಿದಿರಲಿಲ್ಲ, ಯುದ್ಧವೂ ಇರಲಿಲ್ಲ. ಒಳಗೊಳಗೇ ಬೆಳೆದ ತುಕ್ಕು ಅದನ್ನು ಕೊಂದಿತು. ಆ ತುಕ್ಕಿನ ಲಕ್ಷಣಗಳ ಬಗ್ಗೆ 39 ವರ್ಷಗಳ ಮೊದಲೇ ಬರೆದು ಪ್ರಕಟಿಸಿದ್ದವರು ಮೊರಾಂಡಿಯವರೇ. ಹೆಸರು ಕೆಟ್ಟುಹೋದ ಮನುಷ್ಯನ ಬಾಳನ್ನು ಅಂತ್ಯದಿಂದ ಹಿಂದಕ್ಕೆ ಓದುವುದು ಸುಲಭ. ಅದನ್ನು ಮೊದಲಿನಿಂದ ನೋಡಬೇಕೆಂದು ನನಗೆ ಅನ್ನಿಸಿತು. ನಾನು ಇಂಜಿನಿಯರನಲ್ಲ, ವೈದ್ಯ. ಆದರೂ ಈ ಕಥೆಯನ್ನು ಓದಿದಾಗ ಅಪರಿಚಿತವೆನಿಸಿದ ಸಂಗತಿಗಳು ಕಡಿಮೆ.

ಮೊರಾಂಡಿಯವರು 1902ರ ಸೆಪ್ಟೆಂಬರ್ 1ರಂದು ರೋಮ್‌ನಲ್ಲಿ ಹುಟ್ಟಿದರು. ಅಲ್ಲಿಯ ಇಂಜಿನಿಯರಿಂಗ್ ಶಾಲೆಯಿಂದ 1927ರಲ್ಲಿ ಪದವಿ ಪಡೆದರು. ಮೊದಲು ಕೆಲಸಕ್ಕೆ ಹೋದದ್ದು ಇಟಲಿಯ ದಕ್ಷಿಣದ ತುದಿಯಾದ ಕಲಾಬ್ರಿಯಾ ಪ್ರಾಂತಕ್ಕೆ. 1908ರ ಡಿಸೆಂಬರ್ 28ರ ಮಹಾ ಭೂಕಂಪ ಮೆಸ್ಸಿನಾ ಮತ್ತು ರೆಜ್ಜೊ ನಗರಗಳನ್ನು ನೆಲಸಮ ಮಾಡಿತ್ತು. ಎರಡು ದಶಕ ಕಳೆದಿದ್ದರೂ ಆ ಸೀಮೆಯಲ್ಲಿ ಇನ್ನೂ ಕಟ್ಟುವ ಕೆಲಸ ಬಾಕಿಯಿತ್ತು. ಕಲ್ಲು ಗಾರೆಯ ಗೋಡೆಗಳು ನಡುಕವನ್ನು ತಾಳಲಾರದೆ ಉರುಳಿದ ಊರುಗಳಲ್ಲಿ, ಉಕ್ಕಿನ ಸರಳುಗಳನ್ನು ಹುದುಗಿಸಿದ ಕಾಂಕ್ರೀಟಿನ ಚೌಕಟ್ಟು ಏನು ಮಾಡಬಲ್ಲದೆಂಬುದನ್ನು ಅವರು ಅಲ್ಲಿ ಕೈಯಾರೆ ಕಲಿತರು. ಮುಂದೆ ಅರುವತ್ತು ವರ್ಷ ಅವರು ಬೇರೆ ವಸ್ತುವಿನ ಕಡೆಗೆ ಹೆಚ್ಚು ಕಣ್ಣೆತ್ತಿ ನೋಡಲಿಲ್ಲ. 1931ರಲ್ಲಿ ರೋಮ್‌ಗೆ ಮರಳಿ ಸ್ವಂತ ಕಚೇರಿ ತೆರೆದರು. ಆರಂಭದ ವರ್ಷಗಳ ಕೆಲಸ ಸಿನಿಮಾ ಮಂದಿರಗಳು, ಕಾರ್ಖಾನೆಗಳು. ನಡುವೆ ಕಂಬವಿಲ್ಲದೆ ದೊಡ್ಡ ಸಭಾಂಗಣದ ಮೇಲೆ ಚಾವಣಿ ಹಾಕುವುದು ಹೇಗೆ ಎಂಬ ಪ್ರಶ್ನೆ ಅವರಿಗೆ ಅಂಟಿಕೊಂಡದ್ದು ಅಲ್ಲಿಂದ.

ಅವರ ಮುಂದಿನ ಕೆಲಸ ಅರ್ಥವಾಗಬೇಕಾದರೆ ಕಾಂಕ್ರೀಟಿನ ಸ್ವಭಾವವನ್ನು ಕುರಿತು ನಾಲ್ಕು ಮಾತು ಬೇಕು. ಕಾಂಕ್ರೀಟು ಒತ್ತಡವನ್ನು ಚೆನ್ನಾಗಿ ತಾಳುತ್ತದೆ. ಎಳೆತವನ್ನು ತಾಳದೆ ಬಿರುಕು ಬಿಡುತ್ತದೆ. ಎಳೆತ ಬೀಳುವ ಕಡೆ ಉಕ್ಕಿನ ಸರಳುಗಳನ್ನಿಡುವುದು ಸಾಮಾನ್ಯ ವಿಧಾನ. ಫ್ರಾನ್ಸಿನ ಯೂಜೀನ್ ಫ್ರೆಸಿನೇ 1928ರಲ್ಲಿ ಪೇಟೆಂಟ್ ಪಡೆದ ವಿಧಾನ ಇನ್ನೊಂದು ಹೆಜ್ಜೆ ಮುಂದಿನದು. ಅದರಲ್ಲಿ ಗಟ್ಟಿಯಾದ ಉಕ್ಕಿನ ತಂತಿಗಳನ್ನು ಮೊದಲೇ ಬಲವಾಗಿ ಎಳೆದು ಬಿಗಿದು, ಆ ಬಿಗಿತದಿಂದ ಕಾಂಕ್ರೀಟನ್ನು ಸದಾ ಅದುಮಿ ಹಿಡಿಯುತ್ತಾರೆ. ಮೇಲೆ ಭಾರ ಬಿದ್ದಾಗ ಹುಟ್ಟುವ ಎಳೆತವು ಮೊದಲು ಈ ಅದುಮನ್ನು ಕರಗಿಸಬೇಕು. ಅಷ್ಟರೊಳಗೆ ಬಿರುಕು ಬಿಡುವುದಿಲ್ಲ. ನಮ್ಮ ಹಳ್ಳಿಯ ಕಮ್ಮಾರರು ಎತ್ತಿನ ಗಾಡಿಯ ಗಾಲಿಗೆ ಕಬ್ಬಿಣದ ಪಟ್ಟಾ ಹಾಕುವುದನ್ನು ನೋಡಿದವರಿಗೆ ಇದು ಹೊಸದಲ್ಲ. ಕಾಯಿಸಿ ತೊಡಿಸಿದ ಪಟ್ಟಾ ತಣಿದು ಕುಗ್ಗಿದಾಗ ಗಾಲಿಯ ಮರದ ತುಂಡುಗಳೆಲ್ಲ ಒಂದಾಗಿ ಬಿಗಿಯುತ್ತವೆ. ಇಂಜಿನಿಯರುಗಳು ಈ ವಿಧಾನವನ್ನು ಪ್ರೀಸ್ಟ್ರೆಸ್ಸಿಂಗ್ ಎನ್ನುತ್ತಾರೆ. ಬಿಗಿದ ಕಾಂಕ್ರೀಟು ಎಂದು ನಾನಿಲ್ಲಿ ಕರೆಯುತ್ತೇನೆ. ಎರಡನೆಯ ಮಹಾಯುದ್ಧದ ನಂತರದ ವರ್ಷಗಳಲ್ಲಿ ಮೊರಾಂಡಿಯವರು ತಂತಿಗಳನ್ನು ಬಿಗಿಯುವ ತಮ್ಮದೇ ಕ್ರಮವೊಂದನ್ನು ರೂಪಿಸಿ ಅದಕ್ಕೂ ಪೇಟೆಂಟ್ ಪಡೆದರು.

ಯುದ್ಧವೇ ಅವರನ್ನು ಸೇತುವೆಗಳತ್ತ ತಳ್ಳಿತೆನ್ನಬೇಕು. 1944ರ ಆಗಸ್ಟ್‌ನಲ್ಲಿ ಹಿಮ್ಮೆಟ್ಟುತ್ತಿದ್ದ ಜರ್ಮನ್ ಸೈನ್ಯ ಫ್ಲಾರೆನ್ಸ್ ನಗರದಲ್ಲಿ ಆರ್ನೊ ನದಿಯ ಮೇಲಿದ್ದ ಸೇತುವೆಗಳಲ್ಲಿ ಪೊಂಟೆ ವೆಕ್ಕಿಯೊ ಒಂದನ್ನು ಬಿಟ್ಟು ಉಳಿದವನ್ನೆಲ್ಲ ಸಿಡಿಸಿತ್ತು. ಅಲ್ಲಿಯ ಸ್ಯಾನ್ ನಿಕೊಲೊ ಸೇತುವೆಯನ್ನು ಮೊರಾಂಡಿಯವರು 1949ರ ಹೊತ್ತಿಗೆ ಹೊಸದಾಗಿ ಕಟ್ಟಿಕೊಟ್ಟರು. 1957ರಲ್ಲಿ ಅದೇ ನದಿಯ ಮೇಲೆ ಅಮೆರಿಗೊ ವೆಸ್ಪುಚಿ ಸೇತುವೆ ಮುಗಿಯಿತು. ಎರಡೂ ತೆಳುವಾದವು, ಆಡಂಬರವಿಲ್ಲದವು. ಆ ಊರಿಗೆ ಪ್ರವಾಸ ಹೋಗುವ ನಮ್ಮವರು ಹಳೆಯ ಸೇತುವೆಯ ಚಿನ್ನದಂಗಡಿಗಳ ಮುಂದೆ ನಿಂತು ಫೋಟೊ ತೆಗೆಸಿಕೊಂಡು, ವೆಸ್ಪುಚಿ ಸೇತುವೆಯನ್ನು ದಾಟಿಯೂ ಗಮನಿಸದೆ ಬರುತ್ತಾರೆ. ನಾನೂ ಹಾಗೆಯೇ ಬಂದವನು.

ಅವರ ಬುದ್ಧಿಯ ಹೊಳಪು ಕಾಣುವುದು ಆಳವಾದ ಕಣಿವೆಗಳಲ್ಲಿ. ಕಾಂಕ್ರೀಟಿನ ಕಮಾನು ಕಟ್ಟಬೇಕಾದರೆ ಅದು ಗಟ್ಟಿಯಾಗುವವರೆಗೆ ಕೆಳಗಿನಿಂದ ಮರದ ಅಟ್ಟಣೆಯ ಆಸರೆ ಬೇಕು. ನೂರಾರು ಅಡಿ ಆಳದ ಕಮರಿಯಲ್ಲಿ ಆ ಅಟ್ಟಣೆಗೆ ಸೇತುವೆಯಷ್ಟೇ ಖರ್ಚು ಬರುತ್ತದೆ. ಮೊರಾಂಡಿಯವರು ಕಮಾನನ್ನು ಎರಡು ಅರ್ಧಗಳಾಗಿ ಮಾಡಿದರು. ಕಣಿವೆಯ ಎರಡೂ ದಡಗಳಲ್ಲಿ ಅವನ್ನು ಕಂಬಗಳಂತೆ ನೆಟ್ಟಗೆ ನಿಲ್ಲಿಸಿ ಕಟ್ಟಿ, ಬುಡದಲ್ಲಿ ಕೀಲು ಇಟ್ಟು, ಹಗ್ಗಗಳಲ್ಲಿ ಹಿಡಿದು ನಿಧಾನವಾಗಿ ಒಂದರ ಕಡೆಗೊಂದು ಬಾಗಿಸಿ ನಡುವೆ ಕೂಡಿಸಿದರು. ಟಸ್ಕನಿಯ ವಾಗ್ಲಿ ಎಂಬಲ್ಲಿ ಒಂದು ಕಾಲುಸೇತುವೆಯ ಮೇಲೆ ಈ ಉಪಾಯವನ್ನು ಪರೀಕ್ಷಿಸಿ, 1956ರಲ್ಲಿ ದಕ್ಷಿಣ ಆಫ್ರಿಕದ ಸ್ಟಾರ್ಮ್ಸ್ ನದಿಯ ಕಮರಿಯ ಮೇಲೆ 100 ಮೀಟರ್ ಅಗಲದ ಕಮಾನನ್ನು ಹೀಗೆಯೇ ಇಳಿಸಿದರು. ಪಾಲ್ ಸಾವರ್ ಸೇತುವೆಯೆಂದು ಹೆಸರಾದ ಅದರ ಮೇಲೆ ಇಂದಿಗೂ ಹೆದ್ದಾರಿ ಓಡುತ್ತಿದೆ. 1962ರಲ್ಲಿ ಅವರು ತಾವು ಕೆಲಸ ಕಲಿತ ಕಲಾಬ್ರಿಯಾಕ್ಕೆ ಮರಳಿ, ಕತಾನ್ಜಾರೊ ನಗರದ ಬಳಿ ಫಿಯುಮರೆಲ್ಲಾ ಹೊಳೆಯ ಕಣಿವೆಗೆ 231 ಮೀಟರಿನ ಒಂದೇ ಕಮಾನಿನ ಸೇತುವೆ ಕಟ್ಟಿದರು. ಕಾಂಕ್ರೀಟು ಕಮಾನುಗಳಲ್ಲಿ ಅಂದಿಗೆ ಅದು ಜಗತ್ತಿನ ಅತಿ ದೊಡ್ಡವುಗಳ ಸಾಲಿಗೆ ಸೇರಿತ್ತು. ಟ್ಯೂರಿನ್ನಿನಲ್ಲಿ ಉದ್ಯಾನದ ನೆಲದಡಿಯ ಮೋಟಾರು ಪ್ರದರ್ಶನಾಲಯ, ಫಿಯುಮಿಚಿನೊ ವಿಮಾನ ನಿಲ್ದಾಣದ ಹ್ಯಾಂಗರುಗಳು ಇದೇ ಆಸುಪಾಸಿನ ವರ್ಷಗಳ ಕೆಲಸ. ಈ ನಡುವೆ ಅವರು ವಿಶ್ವವಿದ್ಯಾಲಯದಲ್ಲಿ ಸೇತುವೆ ನಿರ್ಮಾಣವನ್ನು ಪಾಠ ಹೇಳಿದರು.

ಕೀರ್ತಿ ತಂದದ್ದು ವೆನೆಜುವೆಲಾ. ಮರಕೈಬೊ ಸರೋವರದ ಬಾಯಿಗೆ ಸೇತುವೆ ಕಟ್ಟಲು 1957ರಲ್ಲಿ ನಡೆದ ಸ್ಪರ್ಧೆಗೆ ಬಂದ 12 ವಿನ್ಯಾಸಗಳಲ್ಲಿ ಹನ್ನೊಂದು ಉಕ್ಕಿನವು. ಕಾಂಕ್ರೀಟಿನದು ಮೊರಾಂಡಿಯವರದೊಂದೇ, ಆಯ್ಕೆಯಾದದ್ದು ಅದೇ. ಬಿಗಿದ ಕಾಂಕ್ರೀಟಿಗೆ ಅದು ಉತ್ಸಾಹದ ಕಾಲ. ಅದೇ 1957ರಲ್ಲಿ ಆ ವಿದ್ಯೆಯ ಮೊದಲ ವಿಶ್ವ ಸಮ್ಮೇಳನ ನಮ್ಮ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ, ಬರ್ಕ್ಲಿಯ ಪ್ರಾಧ್ಯಾಪಕ ಟಿ. ವೈ. ಲಿನ್ ಅವರ ಮುಂದಾಳತ್ವದಲ್ಲಿ ಜರುಗಿತು. ಮರಕೈಬೊ ಸೇತುವೆ 1962ರ ಆಗಸ್ಟ್ 24ರಂದು ತೆರೆಯಿತು. ಉದ್ದ 8.7 ಕಿಲೋಮೀಟರ್. ನಡುವಣ ಐದು ಅಂಕಣಗಳು ತಲಾ 235 ಮೀಟರ್. ಅವುಗಳ ಕೆಳಗೆ ಎಣ್ಣೆಯ ಹಡಗುಗಳು ಸಾಗಬೇಕು. ಎರಡು ವರ್ಷವೂ ತುಂಬುವ ಮೊದಲೇ, 1964ರ ಏಪ್ರಿಲ್ 6ರ ರಾತ್ರಿ, ಚುಕ್ಕಾಣಿ ತಪ್ಪಿದ ಟ್ಯಾಂಕರೊಂದು ದೊಡ್ಡ ಅಂಕಣಗಳಿಂದ ದೂರದಲ್ಲಿ ಕಂಬಗಳಿಗೆ ಬಡಿದು ಸೇತುವೆಯ ಒಂದು ಭಾಗ ನೀರಿಗೆ ಬಿತ್ತು. ಕತ್ತಲಲ್ಲಿ ಅದನ್ನು ಕಾಣದೆ ಬಂದ ಕಾರುಗಳು ಅಂಚಿನಿಂದ ಉರುಳಿ ಏಳು ಮಂದಿ ತೀರಿಕೊಂಡರು. ಮೊರಾಂಡಿಯವರ ದೊಡ್ಡ ಗೋಪುರಗಳಿಗೆ ಏನೂ ಆಗಿರಲಿಲ್ಲ. ಆ ಸಲ ತಪ್ಪು ಅವರದಲ್ಲ.

ಹೊತ್ತಿಗೆ ಸರಿಯಾಗಿ ಇಟಲಿ ಯುದ್ಧದ ಬಡತನದಿಂದ ಮೇಲೆದ್ದು ಓಡತೊಡಗಿತ್ತು. ಮಿಲಾನಿನಿಂದ ನೇಪಲ್ಸಿನವರೆಗಿನ ಸೂರ್ಯ ಹೆದ್ದಾರಿ 1964ರಲ್ಲಿ ಪೂರ್ಣಗೊಂಡಿತು. ಫ್ರಾನ್ಸಿನ ಗಡಿಯ ಕಡೆಯಿಂದ ಕರಾವಳಿಗುಂಟ ಬರುವ ಹೆದ್ದಾರಿಯನ್ನು ಜಿನೋವಾ ಬಂದರಿಗೂ ಉತ್ತರದ ಕಾರ್ಖಾನೆಗಳಿಗೂ ಜೋಡಿಸಲು ಪೊಲ್ಚೆವೆರಾ ಕಣಿವೆಯೊಂದು ಅಡ್ಡವಿತ್ತು. ಹೊಳೆ ದೊಡ್ಡದೇನಲ್ಲ, ಬೇಸಿಗೆಯಲ್ಲಿ ಬಹುಪಾಲು ಕಲ್ಲುಗುಂಡುಗಳೇ ಕಾಣುತ್ತವೆ. ಕಣಿವೆಯ ತಳ ಮಾತ್ರ ಕಿಕ್ಕಿರಿದಿತ್ತು. ರೈಲು ಹಳಿಗಳು, ಕಾರ್ಖಾನೆಗಳು, ರೈಲ್ವೆ ನೌಕರರ ಬಹುಮಹಡಿ ಮನೆಗಳು. ಇಷ್ಟರ ನಡುವೆ ಕಂಬ ಊರಲು ಜಾಗವೇ ಕಡಿಮೆ. ಕಂಬ ಕಡಿಮೆಯಾದರೆ ಅಂಕಣ ಅಗಲವಾಗಬೇಕು. ಮೊರಾಂಡಿಯವರು ಮರಕೈಬೊದ ಮಾದರಿಯನ್ನೇ ಇಲ್ಲಿಗೆ ತಂದರು.

1963ರಿಂದ 1967ರವರೆಗೆ ನಡೆದ ಆ ನಿರ್ಮಾಣದ ಉದ್ದ 1,182 ಮೀಟರ್. ರಸ್ತೆ ಕಣಿವೆಯಿಂದ 45 ಮೀಟರ್ ಎತ್ತರದಲ್ಲಿ. ಮೂರು ಮುಖ್ಯ ಗೋಪುರಗಳು, ಎತ್ತರ 90 ಮೀಟರ್. ಪಶ್ಚಿಮದಿಂದ ಎಣಿಸಿದ ಕಂಬಗಳ ಸಾಲಿನಲ್ಲಿ ಅವುಗಳ ಸಂಖ್ಯೆ 9, 10, 11. ಅಗಲವಾದ ಅಂಕಣ 210 ಮೀಟರಿನ ಸನಿಹ. ಪ್ರತಿ ಗೋಪುರದ ತಲೆಯಿಂದ ನಾಲ್ಕು ಓರೆಪಟ್ಟಿಗಳು, ಎರಡು ಅತ್ತ, ಎರಡು ಇತ್ತ, ಇಳಿದುಬಂದು ರಸ್ತೆಯ ಹಾಸನ್ನು ಎತ್ತಿ ಹಿಡಿದಿದ್ದವು. ಇಂದಿನ ತೂಗುಗಂಬಿಯ ಸೇತುವೆಗಳಲ್ಲಿ ಬೀಸಣಿಗೆಯ ಕಡ್ಡಿಗಳಂತೆ ಹತ್ತಾರು ಉಕ್ಕಿನ ಕಂಬಿಗಳು ಕಾಣುತ್ತವೆ. ಮೊರಾಂಡಿಯವರ ಗೋಪುರಕ್ಕೆ ನಾಲ್ಕೇ. ಅವೂ ಬರಿಯ ಉಕ್ಕಲ್ಲ. ಮರಕೈಬೊದಲ್ಲಿ ತೆರೆದ ಗಾಳಿಗೆ ಬಿಟ್ಟಿದ್ದ ಉಕ್ಕಿನ ತಂತಿಗಳನ್ನು ಇಲ್ಲಿ ಅವರು ಬಿಗಿದ ಕಾಂಕ್ರೀಟಿನ ಕವಚದೊಳಗೆ ಹುದುಗಿಸಿದರು. ಅದಕ್ಕೆ ಎರಡು ಕಾರಣ: ಸೇತುವೆ ಕಡಿಮೆ ಅದುರುತ್ತದೆ, ಕಡಲ ಗಾಳಿಯಿಂದ ಉಕ್ಕಿಗೆ ರಕ್ಷಣೆ ಸಿಗುತ್ತದೆ. ದೂರದಿಂದ ನೋಡಿದರೆ ಅದು ಚೆಲುವಾದ ರಚನೆ. ನ್ಯೂಯಾರ್ಕಿನ ಪ್ರಸಿದ್ಧ ಸೇತುವೆಯ ನೆನಪಿನಲ್ಲಿ ಜಿನೋವಾದ ಜನ ಅದನ್ನು ಬ್ರೂಕ್ಲಿನ್ ಸೇತುವೆ ಎಂದೇ ಕರೆದರು. 1967ರ ಸೆಪ್ಟೆಂಬರ್ 4ರಂದು ರಾಷ್ಟ್ರಾಧ್ಯಕ್ಷ ಜ್ಯುಸೆಪ್ಪೆ ಸರಗಾತ್ ಅವರ ಸಮ್ಮುಖದಲ್ಲಿ ಉದ್ಘಾಟನೆ ನಡೆಯಿತು.

ಇಲ್ಲಿ ವೈದ್ಯನ ಕಣ್ಣಿಗೆ ಬೀಳುವ ಎರಡು ಸಂಗತಿಗಳಿವೆ. ಮೊದಲನೆಯದು ಆ ನಾಲ್ಕು ಪಟ್ಟಿಗಳ ಲೆಕ್ಕ. ದೇಹದ ಬಹುಪಾಲು ಅಂಗಗಳಿಗೆ ರಕ್ತ ಒಂದಕ್ಕಿಂತ ಹೆಚ್ಚು ದಾರಿಯಲ್ಲಿ ಹೋಗುತ್ತದೆ. ಒಂದು ನಾಳ ಕಟ್ಟಿದರೆ ಪಕ್ಕದ ನಾಳಗಳು ಹಿಗ್ಗಿ ಕೆಲಸ ವಹಿಸಿಕೊಳ್ಳುತ್ತವೆ. ಕಣ್ಣಿನ ಅಕ್ಷಿಪಟಕ್ಕೆ ಆ ಭಾಗ್ಯವಿಲ್ಲ. ಅದರ ಒಳಪದರಗಳಿಗೆ ರಕ್ತ ಒಯ್ಯುವ ಮುಖ್ಯ ಅಪಧಮನಿ ಒಂದೇ. ಅದು ಮುಚ್ಚಿದರೆ ನೋವೂ ಇಲ್ಲದೆ ದೃಷ್ಟಿ ಹೋಗುತ್ತದೆ. ಪೊಲ್ಚೆವೆರಾದ ಒಂದೊಂದು ಓರೆಪಟ್ಟಿಯೂ ಅಂಥ ಅಪಧಮನಿ. ಒಂದು ಹರಿದರೆ ಭಾರವನ್ನು ಹೊರಲು ಇನ್ನೊಂದು ಇರಲಿಲ್ಲ. ಗೋಪುರ, ಪಟ್ಟಿಗಳು, ಹಾಸು ಎಲ್ಲ ತಕ್ಕಡಿಯಂತೆ ಒಂದನ್ನೊಂದು ತೂಗಿಕೊಂಡು ನಿಂತದ್ದರಿಂದ, ಒಂದು ಹೋದರೆ ಇಡೀ ಗೋಪುರವೇ ಹೋಗಬೇಕು. ಇಂಥ ರಚನೆಯ ಅಪಾಯ ಏನೆಂದು ಜಗತ್ತಿಗೆ ಅದೇ ವರ್ಷ ತಿಳಿಯಿತು. ಪೊಲ್ಚೆವೆರಾ ಉದ್ಘಾಟನೆಯಾಗಿ ಮೂರು ತಿಂಗಳ ನಂತರ, 1967ರ ಡಿಸೆಂಬರ್ 15ರಂದು, ಅಮೆರಿಕದ ಒಹಾಯೊ ನದಿಯ ಮೇಲಿನ ಸಿಲ್ವರ್ ಬ್ರಿಜ್ ಒಂದೇ ಒಂದು ಉಕ್ಕಿನ ಕೊಂಡಿ ಬಿರಿದ ಕಾರಣಕ್ಕೆ ಪೂರ್ತಿ ನದಿಗೆ ಬಿದ್ದು 46 ಜನ ಸತ್ತರು. ಆಮೇಲೆಯೇ ಅಮೆರಿಕದಲ್ಲಿ ಸೇತುವೆ ತಪಾಸಣೆಯ ರಾಷ್ಟ್ರೀಯ ನಿಯಮಗಳು 1971ರಲ್ಲಿ ಬಂದವು. ನಾವು ದಿನವೂ ದಾಟುವ ಮೇಲ್ಸೇತುವೆಗಳನ್ನು ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ನೋಡಲೇಬೇಕೆಂಬ ಕಟ್ಟಳೆ ಹುಟ್ಟಿದ್ದು ಆ ಸಾವುಗಳಿಂದ.

ಎರಡನೆಯ ಸಂಗತಿ ಆ ಕವಚ. ಹೊಸ ಕಾಂಕ್ರೀಟು ಬಹಳ ಕ್ಷಾರಮಯ. ನಮ್ಮ ರಕ್ತದ ಪಿಎಚ್ 7.4 ಆದರೆ ಅದರದು 12ಕ್ಕೂ ಮೇಲೆ. ಆ ಕ್ಷಾರದಲ್ಲಿ ಉಕ್ಕಿನ ಮೈಮೇಲೆ ತೆಳ್ಳನೆಯ ರಕ್ಷಾಪೊರೆ ಬೆಳೆಯುತ್ತದೆ. ಅದಿರುವ ತನಕ ತುಕ್ಕಿಲ್ಲ. ಗಾಳಿಯ ಇಂಗಾಲದ ಡೈಆಕ್ಸೈಡು ವರ್ಷಗಟ್ಟಲೆ ಒಳಗಿಳಿದು ಕ್ಷಾರವನ್ನು ಕುಗ್ಗಿಸುತ್ತದೆ. ಕಡಲ ಗಾಳಿಯ ಉಪ್ಪು ಬಂದು ಪೊರೆಯನ್ನೇ ಚುಚ್ಚುತ್ತದೆ. ತುಕ್ಕು ಹಿಡಿದ ಉಕ್ಕು ಉಬ್ಬುತ್ತದೆ, ಮೇಲಿನ ಕಾಂಕ್ರೀಟು ಬಿರಿಯುತ್ತದೆ, ಬಿರುಕಿನಲ್ಲಿ ಇನ್ನಷ್ಟು ನೀರು ಇಳಿಯುತ್ತದೆ. ಸಾಮಾನ್ಯ ಸರಳಿಗಾದರೆ ಇದು ಹೊರಗೆ ಕಂದು ಕಲೆಯಾಗಿ, ಸಿಪ್ಪೆಯೇಳುವ ಗಾರೆಯಾಗಿ ಕಾಣಿಸಿಕೊಂಡು ಎಚ್ಚರಿಸುತ್ತದೆ. ಸದಾ ಬಿಗಿದಿರುವ ತೆಳು ತಂತಿಗಳು ಹಾಗಲ್ಲ. ಅವು ಒಳಗೇ ಒಂದೊಂದಾಗಿ ಸವೆದು ಕಡಿಯುತ್ತವೆ; ಹೊರಗಿನ ಕವಚ ಗಟ್ಟಿಯಾಗಿಯೇ ಕಾಣುತ್ತದೆ. ಉಕ್ಕನ್ನು ಕಾಯಲೆಂದು ತೊಡಿಸಿದ ಅಂಗಿಯೇ ಅದನ್ನು ಪರೀಕ್ಷಿಸಲು ಅಡ್ಡವಾಯಿತು. ನನ್ನ ಮಟ್ಟಿಗೆ ಮೊರಾಂಡಿಯವರ ದೊಡ್ಡ ತಪ್ಪು ಇದೇ. ತೆಳುವಾಗಿ ಕಟ್ಟಿದ್ದು ತಪ್ಪಲ್ಲ, ಹೊಸದನ್ನು ಪ್ರಯೋಗಿಸಿದ್ದೂ ತಪ್ಪಲ್ಲ. ಜೀವ ಹಿಡಿದಿಟ್ಟ ಭಾಗವನ್ನು ಯಾರೂ ನೋಡಲಾಗದ ಜಾಗದಲ್ಲಿಟ್ಟು ಮುಚ್ಚಿದ್ದು ತಪ್ಪು. ಕಾಂಕ್ರೀಟು ಶಾಶ್ವತವೆಂಬ ನಂಬಿಕೆ ಆ ತಲೆಮಾರಿನದೇ ಆಗಿತ್ತು ಎಂಬುದೂ ನಿಜ.

ಇನ್ನು ಮುಂದಿನದು ಅವರ ಬಾಳಿನ ಕಡಿಮೆ ಪರಿಚಿತ ಅಧ್ಯಾಯ. ಹತ್ತು ವರ್ಷ ಕಳೆಯುವಷ್ಟರಲ್ಲಿ ಸೇತುವೆಯ ಮೈ ಕೆಡತೊಡಗಿತು. ಒಂದೆಡೆ ಕಡಲು, ಇನ್ನೊಂದೆಡೆ ಉಕ್ಕಿನ ಕಾರ್ಖಾನೆಗಳ ಚಿಮಣಿಗಳ ಆಮ್ಲೀಯ ಹೊಗೆ. ವಾಹನಗಳ ಸಂಖ್ಯೆಯೂ ಅವುಗಳ ತೂಕವೂ ಏರುತ್ತಲೇ ಇತ್ತು. ಎಪ್ಪತ್ತು ದಾಟಿದ್ದ ಮೊರಾಂಡಿಯವರು ತಮ್ಮ ಕೃತಿಯನ್ನು ತಾವೇ ಪರಿಶೀಲಿಸಿದರು. 1979ರಲ್ಲಿ ಅಂತರರಾಷ್ಟ್ರೀಯ ಸೇತುವೆ ಇಂಜಿನಿಯರುಗಳ ಸಂಘದ ಸಂಪುಟವೊಂದರಲ್ಲಿ ಅವರ ಪ್ರಬಂಧ ಬಂತು. ದಟ್ಟ ಸಂಚಾರ ಮತ್ತು ಕೆಟ್ಟ ಗಾಳಿಯ ನಡುವೆ ಮೇಲ್ಸೇತುವೆ ದೀರ್ಘಕಾಲದಲ್ಲಿ ಹೇಗಿರುತ್ತದೆ ಎಂಬುದು ವಿಷಯ; ಉದಾಹರಣೆ ಪೊಲ್ಚೆವೆರಾ. ಸಮುದ್ರದ ಕಡೆಗೆ ಮುಖಮಾಡಿದ ಮೈಗಳಲ್ಲಿ ಕಾಂಕ್ರೀಟು ತನ್ನ ರಾಸಾಯನಿಕ ತಾಳಿಕೆಯನ್ನು ಬೇಗನೆ ಕಳೆದುಕೊಳ್ಳುತ್ತಿದೆಯೆಂದು ಅವರು ಮರೆಮಾಚದೆ ಬರೆದರು. ಬೇರೆಡೆ ತಾವು ಕಟ್ಟಿದ ಇಂಥವೇ ರಚನೆಗಳಿಗೆ ಇಷ್ಟು ಬೇಗ ಹೀಗಾಗಿಲ್ಲವೆಂದರು. ಚಿಕಿತ್ಸೆಯನ್ನೂ ಸೂಚಿಸಿದರು: ತೆರೆದುಕೊಂಡ ಉಕ್ಕಿನ ತುಕ್ಕನ್ನೆಲ್ಲ ಕೆರೆದು ತೆಗೆಯಬೇಕು, ಬಿರುಕು ಪೊಳ್ಳುಗಳಿಗೆ ಎಪಾಕ್ಸಿ ರಾಳ ತುಂಬಬೇಕು, ಮೇಲೆ ರಬ್ಬರಿನಂಥ ಗಟ್ಟಿ ಲೇಪ ಕೊಡಬೇಕು, ಇನ್ನು ಕೆಲವೇ ವರ್ಷಗಳಲ್ಲಿ ಇದು ಸತತವಾಗಿ ಮಾಡಬೇಕಾದ ಕೆಲಸವಾಗುತ್ತದೆ.

ಶಸ್ತ್ರಚಿಕಿತ್ಸೆ ಮಾಡಿದವನೇ ತನ್ನ ರೋಗಿಯ ತೊಡಕನ್ನು ಸಭೆಯ ಮುಂದೆ ಬಿಚ್ಚಿಡುವುದು ಎಷ್ಟು ಕಷ್ಟವೆಂದು ನಮ್ಮ ವೃತ್ತಿಯವರಿಗೆ ಗೊತ್ತು. ಆಸ್ಪತ್ರೆಗಳಲ್ಲಿ ಅದಕ್ಕೆಂದೇ ತಿಂಗಳ ಸಭೆಗಳಿವೆ. ಅಲ್ಲಿಯೂ ನಾಲಿಗೆ ತಡವರಿಸುತ್ತದೆ. ನಾನು ತರಬೇತಿಯಲ್ಲಿದ್ದಾಗ ಒಮ್ಮೆ ಎದೆಯ ಎಕ್ಸ್‌ರೇ ವರದಿಯ ಕೊನೆಯ ಸಾಲಿನಲ್ಲಿದ್ದ ಸಣ್ಣ ಕಲೆಯ ಸೂಚನೆಯನ್ನು ನಾವೆಲ್ಲ ಓದಿ, ಮುಂದಿನವರು ನೋಡಿಕೊಳ್ಳುತ್ತಾರೆಂದು ಬಿಟ್ಟೆವು. ಬರೆದವರು ತಮ್ಮ ಕರ್ತವ್ಯ ಮಾಡಿದ್ದರು, ಓದಿದವರು ಓದಿದ್ದರು, ರೋಗಿಗೆ ಯಾರೂ ಫೋನ್ ಮಾಡಿರಲಿಲ್ಲ. ಅಂಥ ಎಷ್ಟೋ ವರದಿಗಳ ಸಾಲಿಗೆ ಮೊರಾಂಡಿಯವರ ಪ್ರಬಂಧವೂ ಸೇರಿತು. ಆದರೂ ಅದನ್ನು ಓದುವಾಗ ಒಂದು ಮಿತಿಯನ್ನು ಕಾಣಬೇಕು. ಅವರು ಬರೆದದ್ದು ಹೊರಮೈಯನ್ನೂ ಕಣ್ಣಿಗೆ ಕಾಣುವ ತುಕ್ಕನ್ನೂ ಕುರಿತು. ಗೋಪುರದ ತುದಿಯಲ್ಲಿ, ಕವಚದ ಒಳಗೆ, ತಂತಿಗಳ ಗತಿ ಏನಾಗಿದೆಯೆಂಬುದು ಅವರ ಕಣ್ಣಿಗೂ ಬೀಳುವಂತಿರಲಿಲ್ಲ.

ಅದೇ 1979ರಲ್ಲಿ ಮರಕೈಬೊದ ಒಂದು ಉಕ್ಕಿನ ಕಂಬಿ ತುಕ್ಕಿನಿಂದ ಹರಿಯಿತು. ಅಲ್ಲಿ ಕಂಬಿಗಳು ಹೊರಗೇ ಇದ್ದವು. ಕೇಡು ಕಂಡಿತು, ಮುಂದಿನ ದಿನಗಳಲ್ಲಿ ಎಲ್ಲವನ್ನೂ ಬದಲಾಯಿಸಿದರು. ಕವಚವಿಲ್ಲದ ಸೇತುವೆ ಇಂದಿಗೂ ನಿಂತಿದೆ. ಕವಚ ತೊಟ್ಟ ಪೊಲ್ಚೆವೆರಾಕ್ಕೆ ಒಬ್ಬ ತಂಗಿಯೂ ಇದ್ದಳು: ಲಿಬಿಯಾದ ವಾದಿ ಅಲ್ ಕುಫ್ ಕಣಿವೆಯ ಸೇತುವೆ. 1971ರಲ್ಲಿ ಮುಗಿದ ಅದರ ನಡು ಅಂಕಣ 282 ಮೀಟರ್. 2017ರಲ್ಲಿ ತಪಾಸಕರು ಬಿರುಕುಗಳ ಶಂಕೆಯಿಂದ ಅದನ್ನು ಮುಚ್ಚಿದರು.

ಮೊರಾಂಡಿಯವರು ಕೊನೆಯವರೆಗೂ ಗೌರವದಲ್ಲೇ ಬಾಳಿದರು. ಅವರು ತೀರಿಕೊಂಡ ಮೂರು ನಾಲ್ಕು ವರ್ಷಗಳಲ್ಲಿ ಪೊಲ್ಚೆವೆರಾದ 11ನೆಯ ಗೋಪುರದ ಪಟ್ಟಿಗಳೊಳಗಿನ ತಂತಿಗಳು ಗಂಭೀರವಾಗಿ ಸವೆದಿರುವುದು ಪತ್ತೆಯಾಯಿತು. ಕವಚದ ಹೊರಗೆ ಹೊಸ ಉಕ್ಕಿನ ಕಂಬಿಗಳನ್ನು ಕಟ್ಟಿ ಆ ಗೋಪುರಕ್ಕೆ ಆಸರೆ ಕೊಟ್ಟರು. 10ನೆಯದಕ್ಕೆ ತುದಿಯಲ್ಲಿ ಒಂದಿಷ್ಟು ದುರಸ್ತಿ ನಡೆಯಿತು. 9ನೆಯದನ್ನು ಬಿಟ್ಟರು. ಮೂವರು ಅವಳಿಗಳಲ್ಲಿ ಒಬ್ಬನಿಗೆ ರೋಗವಿರುವುದು ದೃಢಪಟ್ಟ ಮೇಲೆ ಇನ್ನಿಬ್ಬರನ್ನು ಕೂಲಂಕಷ ಪರೀಕ್ಷಿಸದೆ ಮನೆಗೆ ಕಳಿಸುವುದನ್ನು ಯಾವ ವೈದ್ಯನೂ ಸಮರ್ಥಿಸಲಾರ. 1999ರಲ್ಲಿ ಇಟಲಿಯ ಹೆದ್ದಾರಿ ಸಂಸ್ಥೆ ಸರಕಾರದ ಕೈಯಿಂದ ಖಾಸಗಿಯವರ ಕೈಗೆ ಹೋಯಿತು. ಗೋಪುರ ಹಾಗೆಯೇ ನಿಂತಿತು. 9 ಮತ್ತು 10ನೆಯ ಗೋಪುರಗಳನ್ನು ಬಲಪಡಿಸುವ ಯೋಜನೆಗೆ ಸಚಿವಾಲಯದ ಒಪ್ಪಿಗೆ ದೊರೆತದ್ದು 2018ರ ಬೇಸಿಗೆಯಲ್ಲಿ. ಕೆಲಸ ಶರತ್ಕಾಲದಲ್ಲಿ ಶುರುವಾಗಬೇಕಿತ್ತು.

2018ರ ಆಗಸ್ಟ್ 14, ಬೆಳಿಗ್ಗೆ 11 ಗಂಟೆ 36 ನಿಮಿಷ. ಮರುದಿನ ಇಟಲಿಯವರಿಗೆ ದೊಡ್ಡ ರಜೆ. ಊರಿಗೂ ಕಡಲತೀರಕ್ಕೂ ಹೊರಟ ಸಂಸಾರಗಳ ಕಾರುಗಳು, ಸರಕಿನ ಲಾರಿಗಳು ಸೇತುವೆಯ ಮೇಲಿದ್ದವು. ಜೋರು ಮಳೆ. 9ನೆಯ ಗೋಪುರ ತನ್ನ ಪಟ್ಟಿಗಳು, ಹಾಸು ಸಮೇತ ಕೆಲವೇ ಸೆಕೆಂಡುಗಳಲ್ಲಿ ಹೊಳೆ, ಹಳಿ, ಗೋದಾಮುಗಳ ಮೇಲೆ ಉರುಳಿತು. 43 ಜನ ಸತ್ತರು. ಹಸಿರು ಲಾರಿಯೊಂದು ಮುರಿದ ಅಂಚಿಗೆ ಕೆಲವು ಮೀಟರು ಮೊದಲು ನಿಂತುಕೊಂಡ ಚಿತ್ರವನ್ನು ಓದುಗರಲ್ಲಿ ಹಲವರು ನೋಡಿರಬಹುದು. ಉಳಿದ ಗೋಪುರಗಳ ಕೆಳಗಿನ ಮನೆಗಳಿಂದ ಐನೂರಕ್ಕೂ ಹೆಚ್ಚು ಜನರನ್ನು ಹೊರಡಿಸಿದರು. ಅವರು ಆ ಮನೆಗಳಿಗೆ ಮರಳಲಿಲ್ಲ.

ನ್ಯಾಯಾಲಯ ನೇಮಿಸಿದ ತಜ್ಞರು ಕೊಟ್ಟ ವರದಿಯನ್ನು ಮರಣೋತ್ತರ ಪರೀಕ್ಷೆಯ ವರದಿಯಂತೆ ಓದಬಹುದು. ಗೋಪುರದ ತುದಿಯ ಬಳಿ, ಸಮುದ್ರದ ಕಡೆಯ ಒಂದು ಓರೆಪಟ್ಟಿಯೊಳಗೆ, ತಂತಿಗಳ ಸುತ್ತ ಗಂಜಿಯಂತೆ ಹರಿಸಿ ತುಂಬಬೇಕಿದ್ದ ಸಿಮೆಂಟು ಪೂರ್ತಿ ತುಂಬಿರಲಿಲ್ಲ. ಕಟ್ಟುವಾಗಲೇ ಉಳಿದ ಆ ಪೊಳ್ಳಿನಲ್ಲಿ ತೇವ ಸೇರಿ, ಸೇತುವೆಯ ಆರಂಭದ ವರ್ಷಗಳಿಂದಲೇ ತುಕ್ಕು ಬೆಳೆದಿತ್ತು. ಅರ್ಧ ಶತಮಾನ ಅದನ್ನು ತಡೆಯುವ ದುರಸ್ತಿ ಅಲ್ಲಿ ನಡೆದಿರಲಿಲ್ಲ. 2022ರ ಜುಲೈನಲ್ಲಿ 59 ಆರೋಪಿಗಳ ವಿಚಾರಣೆ ಆರಂಭವಾಯಿತು. ಮೊರಾಂಡಿಯವರ ಹೆಸರು ಆ ಪಟ್ಟಿಯಲ್ಲಿಲ್ಲ, ಸತ್ತವರ ಮೇಲೆ ಮೊಕದ್ದಮೆಯಿಲ್ಲ. ಜನರ ಬಾಯಲ್ಲಿ ಮಾತ್ರ ಅದು ಮೊರಾಂಡಿ ಸೇತುವೆ. ಕಾಪಾಡಬೇಕಿದ್ದವರ ಹೆಸರನ್ನು ಯಾರೂ ಸೇತುವೆಗೆ ಇಟ್ಟಿರಲಿಲ್ಲ. ಈ ಹಂಚಿಕೆ ನನಗೆ ನ್ಯಾಯವೆನಿಸುವುದಿಲ್ಲ. ಒಂದು ಪಟ್ಟಿ ಹೋದರೆ ಎಲ್ಲ ಹೋಗುವಂತೆ ಕಟ್ಟಿದ್ದು ಅವರು, ಅದನ್ನು ಅಳಿಸಲಾಗದು. ಆದರೆ ಅವರು ಪ್ರಬಂಧ ಬರೆದ ಮೇಲೆ 39 ಮಳೆಗಾಲಗಳು ಬಂದುಹೋದವು.

ಇದು ಇಟಲಿಯ ಕಥೆ ಮಾತ್ರವಲ್ಲ. ಗೋವಾದ ಮಾಂಡೋವಿ ನದಿಯ ಬಿಗಿದ ಕಾಂಕ್ರೀಟಿನ ಸೇತುವೆ ಹದಿನೈದು ಇಪ್ಪತ್ತು ವರ್ಷವೂ ಬಾಳದೆ 1986ರ ಜುಲೈ 5ರಂದು ಬಿತ್ತು. ಅಲ್ಲಿಯೂ ಉಪ್ಪುಗಾಳಿ, ಅಲ್ಲಿಯೂ ಒಳಗಿನ ತಂತಿಗಳ ತುಕ್ಕು. ನಮ್ಮ ಕಾರವಾರದಲ್ಲಿ ಕಾಳಿ ನದಿ ಕಡಲು ಸೇರುವ ಕಡೆ, ಕೋಡಿಬಾಗಕ್ಕೂ ಸದಾಶಿವಗಡಕ್ಕೂ ನಡುವೆ, ನಾಲ್ಕು ದಶಕ ಹಳೆಯ ಸೇತುವೆ 2024ರ ಆಗಸ್ಟ್ 7ರ ನಡುರಾತ್ರಿ ಕಳೆದ ಮೇಲೆ ಕುಸಿಯಿತು. ಒಂದು ಲಾರಿ ನೀರಿಗೆ ಬಿತ್ತು. ಚಾಲಕನನ್ನು ಮೀನುಗಾರರೂ ಪೊಲೀಸರೂ ಸೇರಿ ಬದುಕಿಸಿದರು. ಹಗಲಾಗಿದ್ದರೆ ಏನಾಗುತ್ತಿತ್ತೆಂದು ಆ ದಾರಿಯಲ್ಲಿ ಗೋವಾಕ್ಕೆ ಹೋಗಿ ಬಂದವರೆಲ್ಲ ಎಣಿಸಿಕೊಂಡಿರುತ್ತಾರೆ.

ಪೊಲ್ಚೆವೆರಾದಲ್ಲಿ ಉಳಿದಿದ್ದ ಎರಡು ಗೋಪುರಗಳನ್ನು 2019ರ ಜೂನ್ 28ರ ಬೆಳಿಗ್ಗೆ ಸಿಡಿಮದ್ದಿನಿಂದ ಕೆಡವಿದರು. ಜಿನೋವಾದವರೇ ಆದ ವಾಸ್ತುಶಿಲ್ಪಿ ರೆಂಜೊ ಪಿಯಾನೊ ರೂಪಿಸಿದ ಹೊಸ ಸೇತುವೆ 2020ರ ಆಗಸ್ಟ್ 3ರಂದು ಉದ್ಘಾಟನೆಯಾಯಿತು. ಅದಕ್ಕೆ ಗೋಪುರಗಳಿಲ್ಲ, ಓರೆಪಟ್ಟಿಗಳಿಲ್ಲ. 18 ಕಂಬಗಳ ಮೇಲೆ ಉಕ್ಕಿನ ಬೆನ್ನಿನ ನೇರವಾದ ರಸ್ತೆ. ಕೆಳಗೆ, ಬಿದ್ದ ಗೋಪುರವಿದ್ದ ನೆಲದಲ್ಲಿ, 43 ಮರಗಳನ್ನು ನೆಟ್ಟಿದ್ದಾರೆ. ದಕ್ಷಿಣದ ಕತಾನ್ಜಾರೊದಲ್ಲಿ 1962ರ ಕಮಾನು ಈಗಲೂ ಫಿಯುಮರೆಲ್ಲಾ ಕಣಿವೆಯ ಮೇಲೆ ವಾಹನಗಳನ್ನು ದಾಟಿಸುತ್ತಿದೆ. ಕಾಗದಪತ್ರಗಳಲ್ಲಿ ಅದು ಬಿಸಾಂಟಿಸ್ ಸೇತುವೆ. ಊರಿನ ಜನ ಅದನ್ನೂ ಮೊರಾಂಡಿ ಸೇತುವೆಯೆಂದೇ ಕರೆಯುತ್ತಾರೆ.